ಇಬ್ಬನಿಯಲ್ಲಿ ಬಿಡಿಸಿದ ಅಂಜೂರ

ಹೋದ ತಿಂಗಳು ನಮ್ಮ ಮನೆಗೆ ಒಂದು ರಟ್ಟಿನ ಡಬ್ಬಿ ಬಂತು. ಮಗಳು ಫೋನಿನಲ್ಲೇ ಯಾವುದೋ ತೋಟಕ್ಕೆ ಚಂದಾ ಕಟ್ಟಿದ್ದಳಂತೆ. ವಾರಕ್ಕೊಂದು ಡಬ್ಬಿ, ಆ ವಾರ ತೋಟದಲ್ಲಿ ಏನು ಬಂದಿರುತ್ತದೋ ಅದು. ಏನು ಬರುತ್ತದೆಂದು ಅವರು ಮೊದಲೇ ಹೇಳುವುದಿಲ್ಲ, ನಾವೂ ಕೇಳಬಾರದು, ಅದೇ ಅದರ ಮಜಾ ಎಂದು ಅವಳು ನನಗೆ ಲೋಕದಲ್ಲಿ ಇಲ್ಲದ ಹೊಸ ಸಂಗತಿಯನ್ನು ಕಲಿಸುವವಳಂತೆ ವಿವರಿಸಿದಳು. ನಾನು ಹೂಂಗುಟ್ಟುತ್ತ ಡಬ್ಬಿ ಬಿಚ್ಚಿದೆ. ಮೇಲೆ ಕರಿಬೇವು, ಒಂದು ಕಟ್ಟು ಪುಂಡಿಪಲ್ಯ, ನಾಲ್ಕು ಹೀರೇಕಾಯಿ. ಅಡಿಯಲ್ಲಿ ಎಲೆ ಹಾಸಿ ಒಂದು ಡಜನ್ ಅಂಜೂರ. ಆ ಎಲೆಯ ವಾಸನೆ... ಹಸಿ ಹಾಲಿನದೂ ಅಲ್ಲ, ಹುಲ್ಲಿನದೂ ಅಲ್ಲ, ಎರಡರ ನಡುವಿನ ಒಂದು ಖಾರ, ಮೂಗಿಗಿಂತ ಮೊದಲು ಗಂಟಲಿಗೆ ತಾಗುವಂಥದ್ದು. ಹತ್ತು ಹನ್ನೆರಡು ವರ್ಷದಿಂದ ನಾನು ಅದನ್ನು ಮೂಸಿರಲಿಲ್ಲ.

ಅಷ್ಟರಲ್ಲಿ ಮಗಳು ಹಣ್ಣನ್ನೆಲ್ಲ ಒಂದು ಪಾತ್ರೆಗೆ ಹಾಕಿಕೊಂಡು ನಲ್ಲಿಯ ಕಡೆ ಹೊರಟಳು. ತೊಳೆಯಬೇಡ ಎಂದು ನಾನು ಕೂಗಿದ ರಭಸಕ್ಕೆ ಅವಳ ಕೈಯಿಂದ ಎರಡು ಹಣ್ಣು ನೆಲಕ್ಕೆ ಬಿದ್ದವು. ಒಂದು ಹಣ್ಣಿಗೆ ಇಷ್ಟು ಸಿಟ್ಟೇನಮ್ಮ ಎಂದು ಕೇಳಿದಳು. ಅದು ಸಿಟ್ಟಾಗಿರಲಿಲ್ಲ. ಹೇಳಬೇಕಾದ ಮಾತನ್ನು ಹೇಳಬೇಕಾದವರಿಗೆ ಹೇಳದೆ ವರ್ಷಗಟ್ಟಲೆ ಇಟ್ಟುಕೊಂಡವರ ಗಂಟಲು ಹೀಗೆ ಒಮ್ಮೊಮ್ಮೆ ಸಂಬಂಧವಿಲ್ಲದ ಕಡೆ ಜೋರಾಗುತ್ತದೆ.

ಅವರನ್ನು ನಮ್ಮ ಓಣಿಯವರೆಲ್ಲ ತೋಟದ ತಾತ ಎನ್ನುತ್ತಿದ್ದರು. ಕುರುಗೋಡಿನ ಕಲ್ಲುಗುಡ್ಡದ ಬುಡದಲ್ಲಿ ಅವರಿಗೆ ಮೂರೆಕರೆ ತೋಟವಿತ್ತು. ಅರ್ಧದಲ್ಲಿ ಅಂಜೂರ, ಇನ್ನರ್ಧದಲ್ಲಿ ಕಾಯಿಪಲ್ಯ, ಬದುವಿನ ಮೇಲೆ ನುಗ್ಗೆ ಮತ್ತು ನಿಂಬೆ. ಅರವತ್ತು ದಾಟಿದ ಸಾಬರು. ಬಿಳಿ ಗಡ್ಡ, ತಲೆಗೆ ಸುತ್ತಿದ ಟವೆಲು, ಅಂಜೂರದ ಹಾಲು ತಾಗಿ ತಾಗಿ ಕಪ್ಪಿಟ್ಟ ಬೆರಳುಗಳು. ಆ ಹಾಲು ಮೈಗೆ ಬಿದ್ದರೆ ಯಾರಿಗಾದರೂ ತುರಿಕೆ ಏಳುತ್ತದೆ, ಅವರಿಗೆ ಮಾತ್ರ ಏನೂ ಆಗುತ್ತಿರಲಿಲ್ಲ. ಕೇಳಿದರೆ, ನಲವತ್ತು ವರ್ಷ ಕೆರೆಸಿ ಕೆರೆಸಿ ಈಗ ಅದಕ್ಕೇ ಬೇಸರ ಬಂದಿದೆ ಎನ್ನುತ್ತಿದ್ದರು.

ನನಗೆ ಅವರ ಪರಿಚಯ ತವರಿನಿಂದಲೇ. ನನ್ನದು ಸಿರುಗುಪ್ಪ, ಕಾಲುವೆ ನೀರಿನ ಊರು, ಎತ್ತ ನೋಡಿದರೂ ಭತ್ತ. ಸುಗ್ಗಿ ಮುಗಿದ ಮೇಲೆ ತಮ್ಮ ಎತ್ತುಗಳಿಗೆಂದು ನಮ್ಮ ಕಣದಿಂದ ಭತ್ತದ ಹುಲ್ಲು ಒಯ್ಯಲು ಅವರು ಪ್ರತಿವರ್ಷ ಬರುತ್ತಿದ್ದರು. ನಾನು ಮದುವೆಯಾಗಿ ಬಳ್ಳಾರಿಗೆ ಬಂದಾಗ ಅಪ್ಪ ಅವರಿಗೆ ನಮ್ಮ ಮನೆಯ ಗುರುತು ಹೇಳಿ ಕಳಿಸಿದ್ದರು. ಅಂದಿನಿಂದ ಅವರ ಬಾಯಲ್ಲಿ ನಾನು ಸಿರುಗುಪ್ಪದಮ್ಮ. ಈ ಸಿರುಗುಪ್ಪದಮ್ಮನಿಗೆ ಬಳ್ಳಾರಿಯಲ್ಲಿ ನಲ್ಲಿ ನೀರು ವಾರಕ್ಕೊಮ್ಮೆ ಬಂದರೆ ಪುಣ್ಯ ಎಂಬುದನ್ನು ಅರಗಿಸಿಕೊಳ್ಳಲು ಎರಡು ವರ್ಷ ಹಿಡಿಯಿತು. ನಮ್ಮ ಕಡೆ ಯಾವ ಕೆಲಸಕ್ಕೂ ಮೊದಲು ನೀರು ಬೇಕು. ಅಕ್ಕಿ ತೊಳೆ, ಅಂಗಳ ತೊಳೆ, ಬಂದವರಿಗೆ ಕಾಲು ತೊಳೆಯಲು ಕೊಡು... ನಮ್ಮ ಅತ್ತೆ ನನ್ನನ್ನು ನೀರಿನ ಹುಳ ಎನ್ನುತ್ತಿದ್ದರು. ಪ್ರೀತಿಯಿಂದಲ್ಲ.

ಅದು ಬಳ್ಳಾರಿ ಮಣ್ಣು ಮಾರುತ್ತಿದ್ದ ಕಾಲ. ಗಣಿಯ ಅದಿರಿಗೆ ಜನ ಮಣ್ಣೆಂದೇ ಹೇಳುತ್ತಿದ್ದರು. ಅದನ್ನು ಕೊಂಡೊಯ್ಯುವ ಚೀನಾದವರು ನಮ್ಮ ಮಣ್ಣಿನಲ್ಲಿ ರೊಟ್ಟಿ ಬಡಿಯುತ್ತಾರೇನೋ ಎಂದು ನನ್ನ ಗಂಡ ನಗುತ್ತಿದ್ದರು. ದರ್ಜಿಯವನು ಹೊಲಿಗೆ ಯಂತ್ರ ಮುಚ್ಚಿಟ್ಟು ಲಾರಿ ಕೊಂಡ, ಕಿರಾಣಿಯವನು ಲಾರಿ ಕೊಂಡ, ಶಾಲೆಯ ಮೇಷ್ಟ್ರೊಬ್ಬರು ಹೆಂಡತಿಯ ಹೆಸರಿನಲ್ಲಿ ಲಾರಿ ಕೊಂಡರು. ತಾತನ ಅಂಜೂರವನ್ನು ಇಪ್ಪತ್ತು ವರ್ಷದಿಂದ ಒಯ್ಯುತ್ತಿದ್ದ ಹಣ್ಣಿನ ವ್ಯಾಪಾರಿ ಕೂಡ ಒಂದು ದಿನ ಅದಿರಿನ ಲಾರಿಯ ಮೇಲೆ ಕೂತು ಹಾರ್ನ್ ಹೊಡೆಯುತ್ತ ತೋಟದ ಮುಂದೆ ಹಾದುಹೋದನಂತೆ. ಹಣ್ಣು ಬಿಡಿಸುವ ಹೆಂಗಸರು ಅದಿರಿನ ಕೂಲಿಗೆ ಹೋದರು. ಅಂಜೂರ ಮಾಗಿದ ಮೇಲೆ ಒಂದು ದಿನ ಕಾಯುವ ಹಣ್ಣಲ್ಲ. ಆ ಬೇಸಿಗೆ ಅರ್ಧಕ್ಕರ್ಧ ಗಿಡದಲ್ಲೇ ಒಡೆದು ಹಕ್ಕಿಯ ಪಾಲಾಯಿತು.

ಹಾಗೆ ಹುಟ್ಟಿದ್ದು ತಾತನ ವರ್ತನೆ. ದಿನಾ ಒಂದೇ ಮನೆಯಿಂದ ಹಾಲು ಹಾಕಿಸಿಕೊಳ್ಳುವುದಕ್ಕೆ ವರ್ತನೆ ಎನ್ನುತ್ತಾರಲ್ಲ, ಅದನ್ನೇ ಅವರು ತೋಟಕ್ಕೆ ಹಚ್ಚಿದರು. ಒಂದು ಯುಗಾದಿಯಿಂದ ಮುಂದಿನ ಯುಗಾದಿಯವರೆಗೆ, ಪ್ರತಿ ಬುಧವಾರ ಮನೆಗೊಂದು ಬಿದಿರಿನ ಬುಟ್ಟಿ. ದುಡ್ಡು ಅರ್ಧ ಮೊದಲೇ ಕೊಡಬೇಕು. ತೋಟದಲ್ಲಿ ಆ ವಾರ ಬಂದದ್ದನ್ನು ಹತ್ತು ಪಾಲು ಮಾಡಿ ಹತ್ತು ಮನೆಗೆ ಕೊಡುವುದು. ಇದು ಯಾಕಿಲ್ಲ, ಅದು ಯಾಕೆ ಮತ್ತೆ ಬಂತು ಎಂದು ಕೇಳುವಂತಿಲ್ಲ. ದೊಡ್ಡವರ ಮನೆಗೆ ದೊಡ್ಡ ಬುಟ್ಟಿ ಎಂಬುದೂ ಇಲ್ಲ. ಹತ್ತು ಮನೆ ಸಿಕ್ಕರೆ ಇಬ್ಬರು ಆಳುಗಳನ್ನು ವರ್ಷಪೂರ್ತಿ ಇಟ್ಟುಕೊಂಡು ತೋಟ ಉಳಿಸಿಕೊಳ್ಳುತ್ತೇನೆ ಎಂದು ಅವರು ಅಪ್ಪನಿಗೆ ಹೇಳಿದ್ದರು. ಅಪ್ಪ ನನಗೆ ಹೇಳಿದರು. ನಾನು ಓಣಿಯ ಮನೆಮನೆಗೆ ಹೋಗಿ, ಹೊಸ ಸೊಸೆಯೆಂಬ ಸಂಕೋಚವನ್ನೆಲ್ಲ ಬದಿಗಿಟ್ಟು, ಒಂಬತ್ತು ಮನೆ ಒಪ್ಪಿಸಿದೆ. ಹತ್ತನೆಯದು ನಮ್ಮದು. ಅದನ್ನು ಒಪ್ಪಿಸುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಬಿತ್ತದ ಬದನೆಗೆ ದುಡ್ಡು ಕೊಡುವುದೆಂದರೆ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ ಎಂದು ಅತ್ತೆ ಒಂದು ವಾರ ಮುಖ ತಿರುಗಿಸಿಕೊಂಡಿದ್ದರು.

ಮೊದಲ ವರ್ಷ ಓಣಿಗೆ ಹಬ್ಬ. ನಮ್ಮ ಮನೆ ಓಣಿಯ ಬಾಯಲ್ಲಿ, ಮುಂದೆ ಅಗಲವಾದ ಕಲ್ಲಿನ ಕಟ್ಟೆ. ಬುಧವಾರ ಎಂಟು ಗಂಟೆಗೆ ತಾತ ಹಳೆಯ ಮೊಪೆಡ್ಡಿನ ಹಿಂದೆ ಬುಟ್ಟಿಗಳನ್ನು ಗೋಪುರದಂತೆ ಕಟ್ಟಿಕೊಂಡು ಬಂದು ಕಟ್ಟೆಯ ಮೇಲೆ ಇಳಿಸಿ, ಹಿಂದಿನ ವಾರದ ಖಾಲಿ ಬುಟ್ಟಿ ಕಟ್ಟಿಕೊಂಡು ಬಿಸಿಲೇರುವ ಮೊದಲು ಹೊರಟುಬಿಡುತ್ತಿದ್ದರು. ಹತ್ತರ ಮೇಲೆ ಹೆಂಗಸರು ಒಬ್ಬೊಬ್ಬರೇ ಬಂದು ಒಯ್ಯುತ್ತಿದ್ದರು. ಖಾಲಿ ಬುಟ್ಟಿಯನ್ನು ಖಾಲಿ ಕಳಿಸಬಾರದೆಂದು ಯಾರೋ ಒಂದು ಮುಷ್ಟಿ ಅಕ್ಕಿ, ಯಾರೋ ಎರಡು ಅಚ್ಚು ಬೆಲ್ಲ ಹಾಕುತ್ತಿದ್ದರು. ಒಮ್ಮೆ ಆರು ವಾರ ಬಿಡದೆ ಹೀರೇಕಾಯಿಯೇ ಬಂತು. ಹೀರೇಕಾಯಿ ಬಜ್ಜಿ, ಹೀರೇಕಾಯಿ ಎಣ್ಣೆಗಾಯಿ, ಸಿಪ್ಪೆಯ ಚಟ್ನಿ, ಕೊನೆಗೆ ಯಾರ ಮನೆಯಲ್ಲೂ ಗಂಡಸರು ಊಟಕ್ಕೆ ಕೂರುವ ಮೊದಲು ಏನು ಪಲ್ಯ ಎಂದು ಕೇಳುವುದನ್ನು ಬಿಟ್ಟರು. ಆದರೆ ಏಳನೆಯ ವಾರ ಎಳೆ ಬದನೆ ಬಂದಾಗ ಆದ ಸಂತೋಷ, ದಿನಾ ಸಂತೆಯಲ್ಲಿ ಎಲ್ಲವೂ ಸಿಗುವವರಿಗೆ ತಿಳಿಯುವುದಿಲ್ಲ. ಯಾವ ತಿಂಗಳಿಗೆ ಯಾವ ಕಾಯಿ ಎಂಬುದನ್ನು ನಾನು ಕಲಿತದ್ದು ಆ ಬುಟ್ಟಿಗಳಿಂದ. ಪುಷ್ಯ ಮಾಸಕ್ಕೆ ಅಂಜೂರ ಶುರುವಾಯಿತು. ಅತ್ತೆ ಮೊದಲ ಹಣ್ಣನ್ನು ಸೀಳಿ ದೇವರ ಮುಂದಿಟ್ಟು, ಉಳಿದರ್ಧ ಬಾಯಿಗೆ ಹಾಕಿಕೊಂಡು, ಕುಲಾವಿಯ ಮಾತು ಮತ್ತೆ ಎತ್ತಲಿಲ್ಲ.

ಎರಡನೆಯ ವರ್ಷ ತೋಟದ ಪಕ್ಕದ ಹೊಲದಲ್ಲಿ ಅದಿರು ಸುರಿಯುವ ಯಾರ್ಡು ಬಂತು. ಹಗಲೆಲ್ಲ ಲಾರಿ. ಅಂಜೂರದ ಎಲೆ ಮೊದಲೇ ಒರಟು, ಮೇಲೆ ಸಣ್ಣ ರೋಮ. ಬಿದ್ದ ಧೂಳು ಬಿಡುವುದಿಲ್ಲ. ಹಣ್ಣಿನ ಮೇಲೂ ಕುಂಕುಮ ಸವರಿದಂತೆ ಕೆಂಪು. ಯಾರ್ಡಿನವನು ತಾತನ ತೋಟವನ್ನೂ ಕೇಳುತ್ತಿದ್ದ. ಗಿಡ ಕಡಿದು ಸಮತಟ್ಟು ಮಾಡಿ ಕೊಟ್ಟರೆ ಸಾಕು, ಕೂತು ಉಣ್ಣಬಹುದು, ಯುಗಾದಿಯೊಳಗೆ ಹೇಳು ಎಂದಿದ್ದನಂತೆ. ಇದನ್ನು ತಾತ ಒಂದು ಬುಧವಾರ ಕಟ್ಟೆಯ ಮೇಲೆ ನೀರು ಕುಡಿಯುತ್ತ ನನಗೆ ಹೇಳಿದರು. ಈ ಹತ್ತು ಮನೆ ಮುಂದಿನ ವರ್ಷಕ್ಕೂ ನಿಂತರೆ ಅವನಿಗೆ ಇಲ್ಲ ಎನ್ನುತ್ತೇನೆ, ಕೈಬಿಟ್ಟರೆ ಗಿಡ ಕಡಿಸುವುದೇ ಸೈ ಎಂದರು. ಬೇಡಿಕೊಂಡ ದನಿಯಲ್ಲ, ಮಳೆ ಬಂದರೆ ಬಿತ್ತುತ್ತೇನೆ ಎನ್ನುವ ದನಿ.

ಅದರ ಮುಂದಿನ ವಾರವೇ ಓಣಿಯಲ್ಲಿ ನಾಲ್ಕು ಲಾರಿಯಿದ್ದ ಮನೆಯಾಕೆ, ತಾತ ನಮಗೆ ಧೂಳು ತಿನ್ನಿಸುತ್ತಾರೆ ಎಂದು ನಾಲ್ಕು ಜನರ ಮುಂದೆ ಆಡಿದರು. ಆ ಧೂಳು ಯಾರ ಲಾರಿಯದ್ದು ಎಂದು ಕೇಳುವ ಬಾಯಿ ನನಗಿರಲಿಲ್ಲ. ಇವರೆಲ್ಲ ಬಿಟ್ಟುಬಿಟ್ಟರೆ ಎಂದು ಮಾತ್ರ ಭಯವಾಯಿತು. ಈ ಹತ್ತು ಮನೆ ಕೂಡಿಸಿದವಳು ನಾನಲ್ಲವೇ.

ಆ ಬುಧವಾರ ಅತ್ತೆ ಹಲಕುಂದಿ ಮಠಕ್ಕೆ ಹೋಗಿದ್ದರು. ತಾತ ಬುಟ್ಟಿ ಇಳಿಸಿ ಹೊರಟರು. ಹತ್ತೂ ಬುಟ್ಟಿಯಲ್ಲಿ ಮೇಲಿನಿಂದ ಕೆಳಗಿನವರೆಗೆ ಅಂಜೂರ, ಕೆಂಪು ಧೂಳಿನೊಳಗೆ. ನಾನು ನೋಡುತ್ತ ನಿಂತೆ. ಹೆಂಗಸರು ಬರಲು ಇನ್ನೂ ಎರಡು ಗಂಟೆ ಇತ್ತು. ಸಿರುಗುಪ್ಪದವಳ ತಲೆಗೆ ಇನ್ನೇನು ಹೊಳೆದೀತು. ಬಚ್ಚಲಿನಲ್ಲಿದ್ದ ಒಂದು ಡ್ರಮ್ಮು ನೀರು, ಅದೂ ನಲ್ಲಿ ಬಂದು ಒಂಬತ್ತು ದಿನವಾಗಿದ್ದಾಗಿನ ನೀರು, ಅಷ್ಟನ್ನೂ ಖರ್ಚು ಮಾಡಿ ಒಂದೊಂದೇ ಹಣ್ಣು ತೊಳೆದೆ. ಬುಟ್ಟಿ ತೊಳೆದೆ, ಎಲೆ ತೊಳೆದೆ. ಗಂಡನ ಹಳೆಯ ಪಂಚೆಯಲ್ಲಿ ಹಣ್ಣು ಒರೆಸಿ ಜೋಡಿಸಿದೆ. ಹಣ್ಣು ಹೊಳೆಯಿತು. ಹೆಂಗಸರು ಬಂದು ಹಣ್ಣೆಂದರೆ ಹೀಗಿರಬೇಕು ಎಂದಾಗ, ತಾತನೇ ಈ ಸಲ ಒರೆಸಿ ಕಳಿಸಿದ್ದಾರೆ ಎಂದು ಒಂದು ಸುಳ್ಳನ್ನೂ ಸೇರಿಸಿದೆ. ಹೆಸರು ಅವರಿಗೆ ಬರಲಿ ಎಂಬ ಉದ್ದೇಶ. ಎಂಥ ಹೆಸರು ತಂದುಕೊಟ್ಟೆ ಎಂಬುದು ಮಾರನೆಯ ದಿನ ತಿಳಿಯಿತು.

ಅಂಜೂರಕ್ಕೆ ತೊಟ್ಟಿನ ಎದುರು ಬದಿಯಲ್ಲಿ ಒಂದು ಸಣ್ಣ ಕಣ್ಣಿರುತ್ತದೆ. ನೀರು ಅಲ್ಲಿಂದ ಒಳಗಿಳಿಯುತ್ತದೆ. ಹೊರಗೆ ಎಷ್ಟು ಒರೆಸಿದರೂ ಒಳಗೆ ಹುಳಿಯುತ್ತ ಹೋಗುತ್ತದೆ. ಗುರುವಾರ ಬೆಳಗಿಗೆ ನಮ್ಮ ಹಣ್ಣೆಲ್ಲ ಬಿರಿದು ಹೆಂಡದ ವಾಸನೆ ಹೊಡೆಯುತ್ತಿತ್ತು, ಇರುವೆ ಸಾಲು. ಒಂದು ಮನೆಯಲ್ಲಿ ಮಗುವಿಗೆ ಹೊಟ್ಟೆ ಕೆಟ್ಟಿತ್ತು. ಲಾರಿ ಮನೆಯಾಕೆ ಅದೇ ಹಣ್ಣನ್ನು ಬೆಳ್ಳಿ ತಟ್ಟೆಯಲ್ಲಿ ಬೀಗರ ಮುಂದೆ ಇಟ್ಟಿದ್ದರಂತೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಎಂಬ ಗಾದೆಯನ್ನು ಚಿಕ್ಕಂದಿನಿಂದ ಕೇಳಿದ್ದೆ. ತೊಳೆದದ್ದೂ ಹೋಗಿ, ತೊಳೆದವಳ ಮಾನವೂ ಹೋಗುವ ಹಣ್ಣೊಂದಿದೆ ಎಂದು ನಮ್ಮೂರಿನಲ್ಲಿ ಯಾರೂ ಹೇಳಿರಲಿಲ್ಲ.

ಆದರೆ ಮಾನ ಹೋದದ್ದು ನನ್ನದಲ್ಲ. ಮುಂದಿನ ಬುಧವಾರ ಎಂಟು ಗಂಟೆಗೇ ಹೆಂಗಸರು ಕಟ್ಟೆಯ ಮೇಲೆ ಕಾದು ಕೂತಿದ್ದರು. ನಮ್ಮ ಅತ್ತೆ ಬಾಗಿಲಲ್ಲಿ. ನಾನು ಅವರ ಬೆನ್ನ ಹಿಂದೆ. ತಾತ ಮೊಪೆಡ್ಡಿನಿಂದ ಇಳಿಯುವ ಮೊದಲೇ ಲಾರಿ ಮನೆಯಾಕೆ ಕೇಳಿದರು.

"ಏನ್ ತಾತ, ಹುಳಿ ಹಣ್ಣು ತಿನ್ನಿಸಾಕ ಮೊದ್ಲ ರೊಕ್ಕ ಇಸ್ಕಂಡೀರೇನು?"

ತಾತ ಏನೂ ತಿಳಿಯದವರಂತೆ ಒಬ್ಬೊಬ್ಬರ ಮುಖ ನೋಡಿದರು. ಹೆಂಗಸರು ಹಣ್ಣಿನ ಕಥೆ ಹೇಳುತ್ತ ಹೋದಂತೆ ಅವರು ಬಗ್ಗಿ ಹಿಂದಿನ ವಾರದ ಖಾಲಿ ಬುಟ್ಟಿಯೊಂದನ್ನು ಎತ್ತಿಕೊಂಡರು. ಬಿದಿರು ನೀರು ಕುಡಿದರೆ ಬೂಸು ಹಿಡಿಯುತ್ತದೆ. ಅದರ ತಳ ಬೆಳ್ಳಗೆ ಬೂಸು ಹಿಡಿದಿತ್ತು. ಇನ್ನೊಂದನ್ನು ಮಗುಚಿದರು, ಅದೂ ಹಾಗೇ. ಮೂರನೆಯದನ್ನು ಮುಟ್ಟಲಿಲ್ಲ. ತಲೆಯೆತ್ತಿ ಅತ್ತೆಯ ಹೆಗಲ ಮೇಲಿಂದ ನನ್ನನ್ನು ಒಮ್ಮೆ ನೋಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ನನಗೆ ಹೆಗಲು ಮುಟ್ಟಿಕೊಳ್ಳುವ ಧೈರ್ಯವೂ ಇರಲಿಲ್ಲ.

"ನಂದೇ ತಪ್ಪಮ್ಮಾ" ಎಂದರು ತಾತ. "ಆವತ್ತು ಅವಸರದಾಗ ಇಬ್ಬನಿ ಆರೋದ್ರಾಗ ಬಿಡಿಸಿಬಿಟ್ಟೆ. ಹಸಿ ಇದ್ದಾಗ ಬಿಡಿಸಿದ್ರ ಹಣ್ಣು ನಿಲ್ಲಂಗಿಲ್ಲ."

ನಲವತ್ತು ವರ್ಷ ಅಂಜೂರ ಬೆಳೆದವರು, ಕೂಸು ಕೂಡ ಮಾಡದ ತಪ್ಪನ್ನು ಹತ್ತು ಹೆಂಗಸರ ಮುಂದೆ ತಮ್ಮದೆಂದು ಒಪ್ಪಿಕೊಂಡರು. ನಾನು ಬಾಯಿ ತೆರೆಯಲಿಲ್ಲ. ಹಣ್ಣಿನ ಮಾತಿಗಿಂತ ಆ ಡ್ರಮ್ಮಿನ ನೀರಿನ ಮಾತು ಅತ್ತೆಗೆ ತಿಳಿಯುತ್ತದಲ್ಲ ಎಂಬ ಹೆದರಿಕೆ ದೊಡ್ಡದಾಗಿತ್ತು. ಡ್ರಮ್ಮು ಖಾಲಿಯಾದದ್ದಕ್ಕೆ ನಾನು ಆಗಲೇ ಸೋರಿಕೆಯ ನೆವ ಹೇಳಿಯಾಗಿತ್ತು. ಅಂದು ಏಳು ಮನೆಯವರು, ಈ ಯುಗಾದಿಗೆ ಸಾಕು ತಾತ, ಮುಂದಿನ ವರ್ಷಕ್ಕೆ ನಮ್ಮದು ಬೇಡ ಎಂದು ಹೇಳಿ ಎದ್ದುಹೋದರು. ತಾತ ಖಾಲಿ ಬುಟ್ಟಿ ಕಟ್ಟಿಕೊಂಡು ಎಂದಿನಂತೆ, ಬರ್ತೀನಿ ಸಿರುಗುಪ್ಪದಮ್ಮ ಎಂದು ಹೊರಟರು.

ಹತ್ತು ದಿನ ನನಗೆ ಅನ್ನ ಸೇರಲಿಲ್ಲ. ಗಿಡ ಕಡಿಯುವ ಸದ್ದು ಇಲ್ಲಿಗೇ ಕೇಳಿಸುತ್ತದೇನೋ ಅನ್ನಿಸುತ್ತಿತ್ತು. ಕೊನೆಗೆ ಒಂದು ಭಾನುವಾರ, ತೋಟ ನೋಡಬೇಕು ಎಂದು ಗಂಡನಿಗೆ ಹೇಳಿ ಸ್ಕೂಟರಿನಲ್ಲಿ ಕುರುಗೋಡಿಗೆ ಹೋದೆ. ಗಂಡ ಬಾವಿ ನೋಡುತ್ತ ಆಚೆ ನಿಂತರು. ತಾತ ಒಂದು ಗಿಡದ ಬುಡದಲ್ಲಿ ಕೂತು ಬುಟ್ಟಿಗಳ ಬೂಸನ್ನು ಒಣಬಟ್ಟೆಯಲ್ಲಿ ತಿಕ್ಕುತ್ತಿದ್ದರು. ಮಾತಿಗೆ ಮೊದಲು ನನಗೆ ಅಳು ಬಂತು.

"ಹಣ್ಣು ತೊಳದಾಕಿ ನಾನು ತಾತ" ಎಂದೆ.

ಗೊತ್ತೈತಿ ಎಂದರು, ಬುಟ್ಟಿಯಿಂದ ಕಣ್ಣೆತ್ತದೆ. ಗೊತ್ತಿದ್ದೂ ಆವತ್ತು ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವರು ಬಟ್ಟೆ ಕೆಳಗಿಟ್ಟರು.

"ನೀ ಹೊಸದಾಗಿ ಬಂದ ಸೊಸಿ. ನಾ ಆ ಓಣಿಗೆ ವಾರಕ್ಕೊಮ್ಮೆ ಬಂದು ಹೋಗಾಂವ. ಯಾರರ ಒಂದು ಮಾತು ಅಂದ್ರ ನಾ ಕುರುಗೋಡಿಗೆ ಬಂದುಬಿಡತೀನಿ. ನೀ ಎಲ್ಲಿಗೆ ಹೋಗ್ತಿ?"

ನನ್ನ ಅಪ್ಪನಾಗಲಿ, ಗಂಡನಾಗಲಿ, ಯಾರೂ ಅಲ್ಲಿಯವರೆಗೆ ನನ್ನನ್ನು ಆ ಪ್ರಶ್ನೆ ಕೇಳಿರಲಿಲ್ಲ. ಮೂರೆಕರೆ ತೋಟ ಹೋಗುವ ಹೊತ್ತಿನಲ್ಲಿ ಈ ಮನುಷ್ಯ ನಾನು ಎಲ್ಲಿಗೆ ಹೋಗುತ್ತೇನೆಂದು ಯೋಚಿಸಿದ್ದರು.

ಅಷ್ಟರಲ್ಲಿ ಅವರ ಹೆಂಡತಿ ಚಹಾ ತಂದರು. ಅವರನ್ನು ಊರವರೆಲ್ಲ ಬೂಬಮ್ಮ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಸಣ್ಣ ದೇಹ, ದೊಡ್ಡ ದನಿ. ಲೋಟ ಕೈಗಿಡುತ್ತಲೇ ಗಂಡನ ಮೇಲೆ ದೂರು ಶುರುಮಾಡಿದರು. ನಲವತ್ತು ವರ್ಷದಲ್ಲಿ ಒಂದು ದಿನ ಇಬ್ಬನಿ ಆರುವವರೆಗೆ ಕಾಯಲಾಗದೆ ಹಣ್ಣು ಬಿಡಿಸಿ ತೋಟಕ್ಕೇ ಕುತ್ತು ತಂದ ಮುದುಕ ಎಂದರು. ನಾನು ಬಾಯಿ ತೆರೆಯುವುದಕ್ಕೂ, ಚಹಾಕ್ಕೆ ಸಕ್ಕರೆ ಸಾಲದು, ಸಿರುಗುಪ್ಪದವರು ಸಿಹಿ ಕುಡಿಯುತ್ತಾರೆ, ತಗೊಂಡು ಬಾ ಎಂದು ತಾತ ಅವರನ್ನು ಒಳಗೆ ಕಳಿಸುವುದಕ್ಕೂ ಸರಿಹೋಯಿತು. ಅವರು ಅತ್ತ ಹೋದ ಮೇಲೆ ನನ್ನ ಕಡೆ ನೋಡಿ ನಕ್ಕರು. ಮನೆಯಲ್ಲಿಯೂ ಹೇಳಿಲ್ಲವೇ ಎಂದು ಕೇಳಿದರೆ, ಅವಳ ಬಾಯಲ್ಲಿ ಬಿದ್ದರೆ ನಾಳೆ ಸಂತೆಗೆಲ್ಲ ಗೊತ್ತಾಗುತ್ತದೆ ಎಂದರು.

ಆ ಸಂಜೆ ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ಡ್ರಮ್ಮಿನ ನೀರು, ಸೋರಿಕೆಯ ಸುಳ್ಳು, ಒರೆಸಿ ಕಳಿಸಿದರೆಂಬ ಸುಳ್ಳು, ಇಬ್ಬನಿಯ ಮಾತು. ಬೆಳಿಗ್ಗೆ ಎದ್ದು ನೋಡಿದರೆ ಅತ್ತೆ ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದು ಉಟ್ಟು ನಿಂತಿದ್ದರು. ನಡಿ ಎಂದರು. ಓಣಿಯ ಒಂದು ತುದಿಯಿಂದ ಒಂಬತ್ತು ಮನೆಯ ಬಾಗಿಲಿಗೂ ಹೋದೆವು. ಅತ್ತೆ ಮುಂದೆ, ನಾನು ಹಿಂದೆ. ಒಳಗೆ ಬನ್ನಿ ಎಂದರೂ ಹೋಗಲಿಲ್ಲ. ಹೊಸ್ತಿಲಾಚೆ ನಿಂತು ಒಂದೇ ಮಾತು.

"ಹಣ್ಣು ತೊಳದಾಕಿ ನಮ್ಮ ಸೊಸಿ. ತಾತಂದೇನೂ ತಪ್ಪಿಲ್ಲ. ಬೈಯೋದಿದ್ರ ನಮ್ಮ ಮನಿಗೆ ಬೈರಿ."

ಯಾರೂ ಬೈಯಲಿಲ್ಲ. ಹೊಟ್ಟೆ ಕೆಟ್ಟ ಮಗುವಿನ ತಾಯಿ ಮಾತ್ರ, ಒಂದು ಡ್ರಮ್ಮು ನೀರು ದಂಡ ಮಾಡಿದಿಯಲ್ಲೇ ಎಂದು ನನ್ನ ಕೆನ್ನೆಗೆ ಮೆಲ್ಲಗೆ ತಿವಿದರು. ಒಂಬತ್ತನೆಯ ಬಾಗಿಲಿನಿಂದ ಮನೆಗೆ ಬಂದ ಅತ್ತೆ ಸೀರೆ ಮಡಚಿಟ್ಟು ಒಲೆಯ ಮುಂದೆ ಕೂತರು. ಆ ಮಾತನ್ನು ಆಮೇಲೆ ಎಂದೂ ಎತ್ತಲಿಲ್ಲ. ನೀರಿನ ಡ್ರಮ್ಮಿನ ಮೇಲೆ ಮಾತ್ರ ಒಂದು ಕಣ್ಣು ಸದಾ ಇಟ್ಟಿದ್ದರು.

ಯುಗಾದಿಗೆ ಒಂಬತ್ತು ಮನೆ ನಿಂತವು. ಲಾರಿ ಮನೆಯಾಕೆ ಬಿಟ್ಟರು, ಅವರ ಬದಲಿಗೆ ಹಿಂದಿನ ಓಣಿಯ ಒಂದು ಮನೆ ಸೇರಿತು. ಬೇವು ಬೆಲ್ಲ ಕೊಟ್ಟಾಗ ತಾತ ಅದನ್ನು ಬಾಯಿಗೆ ಹಾಕಿಕೊಂಡು, ಯಾರ್ಡಿನವನಿಗೆ ಇಲ್ಲ ಅಂದೆ ಎಂದಷ್ಟೇ ಹೇಳಿದರು. ಮುಂದೆ ಎಂಟು ಯುಗಾದಿ ಅದೇ ವರ್ತನೆ ನಡೆಯಿತು. ಅಂಜೂರಕ್ಕೆ ಧೂಳಿದ್ದರೆ ನಾವೇ ತಿನ್ನುವ ಹೊತ್ತಿಗೆ ಒಣಬಟ್ಟೆಯಲ್ಲಿ ಒರೆಸಿಕೊಳ್ಳುತ್ತಿದ್ದೆವು. ಮಗಳು ಹುಟ್ಟಿದಾಗ ಬಾಣಂತಿಗೆಂದು ಮೂರು ತಿಂಗಳು ನಮ್ಮ ಬುಟ್ಟಿಗೆ ನುಗ್ಗೆಸೊಪ್ಪು ಬೇರೆಯಾಗಿ ಬಂತು. ಹತ್ತು ಮನೆಗೆ ಹತ್ತು ಪಾಲು ಎಂಬ ನಿಯಮವನ್ನು ತಾತ ಮುರಿದದ್ದು ಅದೊಂದೇ ಸಲ ಇರಬೇಕು. ಗಣಿಗಳು ಒಂದೊಂದಾಗಿ ನಿಂತವು, ಲಾರಿಗಳು ಮನೆಗಳ ಮುಂದೆ ತುಕ್ಕು ಹಿಡಿದವು, ಯಾರ್ಡು ಖಾಲಿಯಾಯಿತು. ತೋಟದ ಎಲೆಗಳು ಮತ್ತೆ ಹಸಿರಾದದ್ದನ್ನು ತಾತ ಎರಡು ವರ್ಷ ನೋಡಿದರು. ಆಮೇಲೆ ಒಂದು ಮಳೆಗಾಲ ಜ್ವರ ಬಂತು, ಹೆಚ್ಚು ದಿನ ಇರಲಿಲ್ಲ...

ಸುದ್ದಿ ತಿಳಿದು ಓಣಿಯಿಂದ ನಾಲ್ಕು ಜನ ಹೋಗಿದ್ದೆವು. ಮನೆ ತುಂಬ ಜನ. ಬೂಬಮ್ಮ ನನ್ನ ಕೈ ಹಿಡಿದು, ಒಂದು ದಿನ ಇಬ್ಬನಿಯಲ್ಲಿ ಹಣ್ಣು ಬಿಡಿಸಿದ್ದು ಬಿಟ್ಟರೆ ಅವನಲ್ಲಿ ಏನೂ ತಪ್ಪಿರಲಿಲ್ಲಮ್ಮ ಎಂದು ಅತ್ತರು. ಓಣಿಗೆ ತಿಳಿದ ಸತ್ಯ ಆ ಮನೆಗೆ ತಲುಪಿರಲಿಲ್ಲ. ಅಷ್ಟು ಜನರ ನಡುವೆ ನನ್ನ ನಾಲಿಗೆ ಮತ್ತೆ ಏಳಲಿಲ್ಲ. ಆಮೇಲೆ ಹೋದರಾಯಿತು ಎಂದುಕೊಂಡೆ. ಆ ಆಮೇಲೆ ಹನ್ನೊಂದು ವರ್ಷವಾಯಿತು.

ಮಗಳ ಡಬ್ಬಿ ಬಂದ ಮುಂದಿನ ಭಾನುವಾರ ನಾನು ಒಬ್ಬಳೇ ಕುರುಗೋಡಿನ ಬಸ್ಸು ಹತ್ತಿದೆ. ತೋಟ ಈಗ ಇಲ್ಲ. ಬೇರೆಯವರ ಕೈಗೆ ಹೋಗಿ ಹತ್ತಿ ಹಾಕಿದ್ದಾರೆ, ಬಾವಿಯ ಕಲ್ಲು ಮಾತ್ರ ಗುರುತು ಸಿಕ್ಕಿತು. ಪಕ್ಕದ ಯಾರ್ಡಿನ ನೆಲದಲ್ಲಿ ಇಂದಿಗೂ ಜಾಲಿ ಬಿಟ್ಟರೆ ಏನೂ ಬೆಳೆದಿಲ್ಲ. ಅವರು ಉಳಿಸಿಕೊಂಡ ತೋಟ ಅವರ ಜೊತೆಗೇ ಹೋಗಿತ್ತು.

ಬೂಬಮ್ಮ ತಂಗಿಯ ಮಗನ ಮನೆಯಲ್ಲಿದ್ದಾರೆ. ಎಂಬತ್ತರ ಹತ್ತಿರ, ಕಣ್ಣು ಮಂಜು, ದನಿ ಮಾತ್ರ ಹಾಗೇ ಇದೆ. ಸಿರುಗುಪ್ಪದಮ್ಮ ಎಂದಾಗ ಗುರುತು ಹಿಡಿದು ಮಂಚದ ಮೇಲೆ ಜಾಗ ಮಾಡಿದರು. ನಾನು ಚಹಾ ಬರುವುದಕ್ಕೂ ಕಾಯಲಿಲ್ಲ. ಇಬ್ಬನಿಯಲ್ಲಿ ಹಣ್ಣು ಬಿಡಿಸಿದ್ದು ಸುಳ್ಳು, ಹಣ್ಣು ತೊಳೆದು ಕೆಡಿಸಿದವಳು ನಾನು, ನನ್ನನ್ನು ಉಳಿಸಲು ಅವರು ಹಾಗೆ ಹೇಳಿದರು, ನಾನು ಇಷ್ಟು ವರ್ಷ ನಿಮಗೆ ಹೇಳದೆ ಉಳಿದೆ ಎಂದೆ. ನನ್ನ ಪಾಲಿಗೆ ಬರಬೇಕಾದ ಬೈಗುಳವನ್ನು ಆ ಮನುಷ್ಯ ಎಂಟು ವರ್ಷ ತಮ್ಮ ಮನೆಯಲ್ಲಿ ಉಂಡಿದ್ದರು. ಅದಕ್ಕೆ ಕ್ಷಮೆ ಕೇಳಬೇಕೋ, ನಿಮ್ಮ ಗಂಡನಂಥವರನ್ನು ಕಂಡದ್ದೇ ನನ್ನ ಪುಣ್ಯ ಎಂದು ಹೇಳಬೇಕೋ ತಿಳಿಯದೆ ಎರಡನ್ನೂ ಹೇಳಿದೆ.

ಬೂಬಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಳುತ್ತಿದ್ದಾರೆಂದುಕೊಂಡೆ. ನಗುತ್ತಿದ್ದರು, ಕಣ್ಣಲ್ಲಿ ನೀರೂ ಇತ್ತು.

"ನಾ ಬೈದಾಗೆಲ್ಲ ಮುದುಕ ನಗತಿದ್ದ" ಎಂದರು. "ತಪ್ಪು ಮಾಡಿ ಮ್ಯಾಲೆ ನಗತಾನ ಅಂತ ನಾ ಮತ್ತಷ್ಟು ಬೈತಿದ್ದೆ."

ಆಮೇಲೆ ನನ್ನ ಕೈಯನ್ನು ತಡವಿ ಹಿಡಿದುಕೊಂಡರು. "ಸತ್ತ ಮ್ಯಾಲೂ ಬಿಟ್ಟಿಲ್ಲಮ್ಮ ನಾನು. ಚಳಿಗಾಲದಾಗ ಮುಂಜಾನಿ ಎದ್ದು ಇಬ್ಬನಿ ಬಿದ್ದದ್ದು ನೋಡಿದ್ರ, ನೋಡು ಮುದುಕ, ಇಂಥಾದ್ರಾಗ ಬಿಡಿಸಿದಿಯಲ್ಲ ಅಂತ ಹೋದ ವರ್ಷಾನೂ ಬೈದೀನಿ."

ಬಾಗಿಲ ಆಚೆ ಬಿಸಿಲು ಚೆನ್ನಾಗಿತ್ತು. ಅವರು ಆ ಕಡೆ ಮುಖ ಮಾಡಿ, ನನಗಲ್ಲ ಎಂಬಂತೆ ಮೆಲ್ಲಗೆ ಹೇಳಿದರು.

"ಇನ್ನ ಬೈಯಂಗಿಲ್ಲ ಬಿಡು."